ಮೊದಲು ಈ ಚಿತ್ರ, ಆಮೇಲೆ ಆ ಚಿತ್ರ
ಶಿಡ್ಲಘಟ್ಟದ ಗೆಳೆಯರೇ, ನಿಮ್ಮ ಕಿರುಚಿತ್ರದ ಎಡಿಟಿಂಗ್ 22 ನಿಮಿಷಕ್ಕೆ ಬಂದು ನಿಂತಿದೆ, ರೇಷ್ಮೆ ಸಾಕಣೆಯ ಮುಂದಿನ ಕಥೆ ಕರೆಯುತ್ತಿದೆ ಅಂದಿದ್ದೀರಿ. ಮೊದಲು ಪಿಕ್ಚರ್ ಲಾಕ್ ಮಾಡಿ, ಅಂದರೆ ಇನ್ನು ಕತ್ತರಿ ಆಡಿಸುವುದಿಲ್ಲ ಎಂದು ಎಡಿಟಿಂಗ್ ಅಂತಿಮಗೊಳಿಸಿ. ಅದಾಗದೆ ಡಬ್ಬಿಂಗ್‌ಗೆ, ಡಿಐಗೆ (ಬಣ್ಣ ಹೊಂದಿಸುವ ಕೆಲಸಕ್ಕೆ) ಕೈಹಾಕಿದರೆ ಒಂದೊಂದು ಬದಲಾವಣೆಗೂ ಎರಡೆರಡು ಸಲ ದುಡ್ಡು. ಉದ್ದದ ಮೋಹವೂ ಬೇಡ, ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್‌ನ ಲಾ ಸಿನೆಫ್ ಮೊದಲ ಬಹುಮಾನ ಗೆದ್ದಿತು, ಅದು ಬರೀ 16 ನಿಮಿಷದ್ದು.

ನೂಲು ಬಿಚ್ಚಾಣಿಕೆ ಘಟಕದಲ್ಲಿ ತೆಗೆದ ದೃಶ್ಯಗಳಲ್ಲಿ ಗದ್ದಲಕ್ಕೆ ಮಾತು ಮುಳುಗಿದೆಯೇ? ಮಾತನ್ನು ಡಬ್ ಮಾಡಿ, ಯಂತ್ರದ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ತನ್ನಿ. ಹಿನ್ನೆಲೆ ಸಂಗೀತಕ್ಕಿಂತ ಅದೇ ಚೆಂದ, ನನ್ನ ಕಿವಿಗೆ.

ಮುಂದಿನ ಚಿತ್ರದ ಚಿತ್ರೀಕರಣದ ದಿನಗಳನ್ನು ರೇಷ್ಮೆ ರೈತರನ್ನು ಕೇಳಿಯೇ ಗೊತ್ತುಮಾಡಿ. ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಂಕಿಗೇರುವಾಗ ನಿಮ್ಮ ಕ್ಯಾಮೆರಾಗೆ ಕಾಯುವುದಿಲ್ಲ. ಚಿತ್ರಕಥೆ ಈಗಲೇ ಬರೆಯಿರಿ. ಕ್ಯಾಮೆರಾ ಬಾಡಿಗೆಯ ಮುಂಗಡವನ್ನು ಮಾತ್ರ ಈ ಚಿತ್ರದ ಮಿಕ್ಸಿಂಗ್ ಮುಗಿದ ಮೇಲೆ ಕೊಡಿ.