ದಾಖಲೆಯಲ್ಲಿ ಹೆಸರು ಹುಡುಕುವ ಕ್ರಮ

ದಾಖಲೆಯಲ್ಲಿ ಬರೆದ ಹೆಸರು ಬೇಕಾದಾಗ ದೊರೆಯದಿದ್ದರೆ ಬರೆದ ಶ್ರಮವು ವ್ಯರ್ಥವೇ ಸರಿ. ಶಾಲೆಗಳ ದಾಖಲೆಗಳು ಈಗ ಗಣಕಯಂತ್ರವನ್ನು ಸೇರುತ್ತಿರುವುದರಿಂದ, ಅವುಗಳಲ್ಲಿ ಹುಡುಕುವ ಕ್ರಮವನ್ನು ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಕ್ಷೇಪವಾಗಿ ತಿಳಿಸಲಿಚ್ಛಿಸುತ್ತೇವೆ.

ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಎಂಬವರು 1973ರ ಸುಮಾರಿಗೆ ಗ್ರೆಪ್ ಎಂಬ ಆಜ್ಞೆಯನ್ನು ರಚಿಸಿದರು. ಇದು ನಾವು ಕೇಳಿದ ಅಕ್ಷರಗಳುಳ್ಳ ಸಾಲುಗಳನ್ನೆಲ್ಲ ಆರಿಸಿ ತೋರಿಸುವುದು. 1977ರಲ್ಲಿ ಆಹೋ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರು ಅಲ್ಲಿಯೇ ರಚಿಸಿದ ಆಕ್ ಎಂಬುದು ಸಾಲನ್ನು ಅಂಕಣಗಳಾಗಿ ವಿಂಗಡಿಸಿ ಓದುವುದು. ಇಂಥ ಆಜ್ಞೆಗಳನ್ನು ಕ್ರಮವಾಗಿ ಬರೆದಿಟ್ಟ ಕಡತಕ್ಕೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರು.

ಪ್ರತಿ ಸಾಲಿನಲ್ಲಿ ಹುಡುಗಿಯ ಹೆಸರು, ತಂದೆಯ ಹೆಸರು, ಊರು, ಸೇರಿದ ವರ್ಷ ಇವು ಅಲ್ಪವಿರಾಮಗಳಿಂದ ಬೇರ್ಪಟ್ಟಿವೆಯೆಂದು ಭಾವಿಸೋಣ. ಕೊಡಗಿನ ದಕ್ಷಿಣದಲ್ಲಿ ವಯನಾಡಿನ ಗಡಿಗೆ ಹತ್ತಿಕೊಂಡಿರುವ ಕುಟ್ಟದವರನ್ನು ಹುಡುಕಬೇಕಾಗಿದೆ. ಗ್ರೆಪ್‌ಗೆ 'ಕುಟ್ಟ' ಎಂದು ಹೇಳಿದರೆ, ಕುಟ್ಟಪ್ಪನವರ, ಕುಟ್ಟಯ್ಯನವರ ಮಕ್ಕಳು ಮಡಿಕೇರಿಯವರಾದರೂ ಬಂದು ನಿಲ್ಲುವರು. ಆಕ್‌ಗೆ 'ಮೂರನೆಯ ಅಂಕಣವು ಕುಟ್ಟ ಎಂದೇ ಇರಲಿ' ಎಂದರೆ ಅವರು ಬಿಟ್ಟುಹೋಗುವರು. ಆದರೆ ಗುಮಾಸ್ತರು 'ಕುಟ್ಟಾ' ಎಂದು ದೀರ್ಘವಾಗಿ ಬರೆದ ಸಾಲೂ, ಊರಿನ ಪಕ್ಕದಲ್ಲಿ ತೆರಪು ಅಧಿಕವಾಗಿ ಬಿಟ್ಟ ಸಾಲೂ ಅವರೊಡನೆಯೇ ಮರೆಯಾಗುವುದು. ಹೆಚ್ಚಾಗಿ ಬಂದುದನ್ನು ನಾವು ಕಂಡು ತೆಗೆದುಹಾಕಬಲ್ಲೆವು. ಬಾರದೆ ಹೋದುದನ್ನು ಯಾರೂ ಕಾಣರು. ಆ ಸಹೋದರಿಗೆ ಸಮ್ಮೇಲನದ ಕರೆಯೋಲೆಯು ತಲಪುವುದೇ ಇಲ್ಲ. ಆದಕಾರಣ 'ಮೂರನೆಯ ಅಂಕಣದೊಳಗೆ ಕುಟ್ಟ ಎಂಬುದು ಎಲ್ಲಿಯಾದರೂ ಇರಲಿ' ಎಂದು ಕೇಳಿ, ಬಂದವರನ್ನು ಒಬ್ಬೊಬ್ಬರಾಗಿ ಪರೀಕ್ಷಿಸುವುದೇ ಉತ್ತಮವು.

ಇನ್ನು ಪಟ್ಟಿಯನ್ನು ಅಂದವಾಗಿ ಅಚ್ಚುಮಾಡುವ ವಿಷಯ. ಇದಕ್ಕೆ ಪ್ರಿಂಟ್‌ಎಫ್ ಎಂಬ ಆಜ್ಞೆಯುಂಟು. ಅದು ಸಾಮಾನ್ಯವಾಗಿ ಅಕ್ಷರಗಳನ್ನಲ್ಲ, ಬೈಟುಗಳನ್ನು ಎಣಿಸುವುದು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟುಗಳು. ಒತ್ತಿನ ವಿರಾಮಚಿಹ್ನೆಯೂ, ಸ್ವರಚಿಹ್ನೆಯೂ ಪ್ರತ್ಯೇಕ ಸಂಕೇತಗಳೇ. ಹೀಗೆ 'ಕುಟ್ಟ' ಎಂಬುದು ಕಣ್ಣಿಗೆ ಎರಡೇ ಅಕ್ಷರವಾದರೂ 5 ಸಂಕೇತ, 15 ಬೈಟು. 'ಮಡಿಕೇರಿ'ಯು 7 ಸಂಕೇತ, 21 ಬೈಟು. ಅಂಕಣದ ಅಗಲವನ್ನು 20 ಎಂದು ಗೊತ್ತುಮಾಡಿದರೆ ಕುಟ್ಟದ ಮುಂದೆ 5 ತೆರಪುಗಳು ಬರುವುವು, ಮಡಿಕೇರಿಯ ಮುಂದೆ ಒಂದೂ ಬಾರದು; ಪಟ್ಟಿಯು ಸೊಟ್ಟಗಾಗುವುದು. ಅಂಕೆಗಳಿಗಾದರೋ ಒಂದೊಂದೇ ಬೈಟು. ಆದುದರಿಂದ ವರ್ಷವನ್ನು ಮೊದಲಿಟ್ಟು ಹೆಸರನ್ನು ಕೊನೆಗಿಡಬೇಕು. ಕನ್ನಡದ ಅಂಕಣಗಳು ಹಲವಿದ್ದರೆ ನಡುವೆ ಟ್ಯಾಬ್ ಚಿಹ್ನೆಯನ್ನಿಟ್ಟು ಲೆಕ್ಕಪಟ್ಟಿಯ ತಂತ್ರಾಂಶದಲ್ಲಿ ತೆರೆಯಬೇಕು.

ಯಂತ್ರವು ಬರೆದುದನ್ನು ಬರೆದಂತೆಯೇ ಓದುವುದು. ಪ್ರಿಯ ಸಹೋದರಿಯರೇ, ಹೆಸರನ್ನೂ ಊರನ್ನೂ ಕಳುಹಿಸುವಾಗ ಪ್ರತಿ ಸಲವೂ ಒಂದೇ ಕಾಗುಣಿತದಲ್ಲಿ ಬರೆಯಿರಿ. ಹುಡುಕುವವರ ಕೆಲಸದಲ್ಲಿ ಅರ್ಧವು ಅಲ್ಲಿಯೇ ಮುಗಿಯುವುದು.