ಸಮವೋ? ಬೆಸವೋ?



ನಮ್ಮ ಅಲಂಪುರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಅವುಗಳನ್ನು ಎರಡೆರಡಾಗಿ ಎಣಿಸಿದರೆ 4 ಜೋಡಿಯಾಗಿ 1 ಉಳಿಯುತ್ತದೆ. ಆದ್ದರಿಂದ 9 ಬೆಸ ಸಂಖ್ಯೆ. 2ರಿಂದ ಭಾಗಿಸಿದಾಗ ಶೇಷ 0 ಬಂದರೆ ಅದು ಸಮ ಸಂಖ್ಯೆ. 0 ಕೂಡ ಸಮವೇ. ಇದು ನಾವೆಲ್ಲ ಕೆಳಗಿನ ತರಗತಿಯಲ್ಲೇ ಕಲಿತ ಪಾಠ.

ಆದರೂ ಈ ಪಾಠದಲ್ಲಿ ನಾವು ಒಮ್ಮೆ ತಪ್ಪಿದೆವು. ಪರೀಕ್ಷೆಗೆ ಸಮ ಸಂಖ್ಯೆಯವರನ್ನು ಒಂದು ಕೊಠಡಿಗೆ, ಬೆಸ ಸಂಖ್ಯೆಯವರನ್ನು ಇನ್ನೊಂದಕ್ಕೆ ಹಂಚಲು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಮಾಡಿದೆವು. ಒಬ್ಬ ಹುಡುಗಿಯ ಸಂಖ್ಯೆ 27 ಎಂದು ಬರೆಯಲು ಮರೆತೆವು. ಆ ಮನೆ ಖಾಲಿ ಉಳಿಯಿತು. ಯಂತ್ರ ಅವಳನ್ನು ಸಮ ಸಂಖ್ಯೆಯವರ ಕೊಠಡಿಗೆ ಕಳಿಸಿತು! ಪರೀಕ್ಷೆಯ ದಿನ ಆಕೆ ತನ್ನ ಸ್ಥಳ ಕಾಣದೆ ಕಣ್ಣೀರಿಟ್ಟಳು.

ಕಾರಣವೇನು? ಸಮವೇ ಎಂದು ಪರೀಕ್ಷಿಸುವ ‘ಈಸ್‌ಈವನ್’ ಸೂತ್ರ ಖಾಲಿ ಮನೆಯನ್ನು 0 ಎಂದೇ ಎಣಿಸುತ್ತದೆ. 0 ಸಮವಲ್ಲವೇ? ಹಾಗೆಂದೇ ಉತ್ತರ ‘ಹೌದು’ ಎಂದು ಬಂತು.

ಇನ್ನೊಂದು ವಿಚಿತ್ರ ನೋಡಿ. ಮನೆಯಲ್ಲಿ 9.6 ಇದೆ ಎನ್ನೋಣ. ‘ಈಸ್‌ಈವನ್’ ದಶಾಂಶವನ್ನು ಕತ್ತರಿಸಿ 9 ಮಾಡಿಕೊಂಡು, ಸಮವಲ್ಲ ಎನ್ನುತ್ತದೆ. ಎಕ್ಸೆಲ್‌ಗೆ ಕೋಡ್ ಬರೆಯುವ ವಿಬಿಎ ಭಾಷೆಯ ‘ಮಾಡ್’ ಅದನ್ನೇ 10 ಮಾಡಿಕೊಂಡು ಶೇಷ 0 ಕೊಡುತ್ತದೆ, ಅಂದರೆ ಸಮ! ನಿಜವಾಗಿ 9.6 ಪೂರ್ಣಾಂಕವೇ ಅಲ್ಲ. ಅದು ಸಮವೂ ಅಲ್ಲ, ಬೆಸವೂ ಅಲ್ಲ.

ಋಣ ಸಂಖ್ಯೆಗಳಲ್ಲೂ ಎಚ್ಚರ ಬೇಕು. −9ಕ್ಕೆ ವಿಬಿಎ ಕೊಡುವ ಶೇಷ −1. ಶೇಷ 1 ಬಂದರೆ ಮಾತ್ರ ಬೆಸ ಎಂದು ಕೋಡ್ ಬರೆದರೆ −9 ತಪ್ಪಿಹೋಗುತ್ತದೆ.

ಆದ್ದರಿಂದ ಈ ಕ್ರಮದಲ್ಲಿ ಕೇಳಬೇಕು:

1. ಮನೆಯಲ್ಲಿ ಏನಾದರೂ ಇದೆಯೇ?
2. ಇರುವುದು ಸಂಖ್ಯೆಯೇ? (‘ಈಸ್‌ನಂಬರ್’ ಸೂತ್ರ ಇದನ್ನು ಹೇಳುತ್ತದೆ.)
3. ಅದು ಪೂರ್ಣಾಂಕವೇ?
4. 2ರಿಂದ ಭಾಗಿಸಿದರೆ ಶೇಷ 0 ಆಗುವುದೇ?

ನಾಲ್ಕಕ್ಕೂ ‘ಹೌದು’ ಎಂದರೆ ಮಾತ್ರ ಸಮ. ಮೊದಲ ಮೂರಕ್ಕೆ ‘ಹೌದು’, ನಾಲ್ಕನೆಯದಕ್ಕೆ ‘ಇಲ್ಲ’ ಎಂದರೆ ಬೆಸ. ಮೊದಲ ಮೂರರಲ್ಲಿ ಒಂದಕ್ಕೆ ‘ಇಲ್ಲ’ ಎಂದರೂ ‘ಪಟ್ಟಿ ತಿದ್ದಿರಿ’ ಎಂದು ಬರುವಂತೆ ಬರೆಯಬೇಕು.

ಯಂತ್ರವನ್ನು ದೂರಿ ಫಲವಿಲ್ಲ. ಅದು ನಾವು ಕೇಳಿದ್ದಕ್ಕಷ್ಟೇ ಉತ್ತರಿಸುತ್ತದೆ. ಖಾಲಿ ಬಿಟ್ಟವರು ನಾವು. ಕೇಳಬೇಕಾದ್ದನ್ನು ಕೇಳದವರೂ ನಾವೇ. ಪಾಲಕರೂ ಮಕ್ಕಳ ಜೊತೆ ಕುಳಿತು ಕೆಳಗಿನ ಅಭ್ಯಾಸ ಮಾಡಿನೋಡಲಿ.

ಅಭ್ಯಾಸ: 14, 0, 7.5, −3, ಖಾಲಿ ಮನೆ — ಇವುಗಳಿಗೆ ಮೊದಲು ನೀವೇ ಉತ್ತರ ಬರೆಯಿರಿ. ಆಮೇಲೆ ಯಂತ್ರವನ್ನು ಕೇಳಿರಿ.