ಹಾರ್ಡ್‌ಡಿಸ್ಕ್ ಆಫೀಸಿನಲ್ಲೇ ಇರಲಿ

ಸುದ್ದಿವಾಹಿನಿಯ ಕೆಲಸ ಬಿಟ್ಟು ಸ್ವಂತ ಯೂಟ್ಯೂಬ್ ಚಾನೆಲ್ ಶುರು ಮಾಡುವ ವರದಿಗಾರರು, ಕ್ಯಾಮೆರಾಮನ್‌ಗಳು ಈಗ ಜಿಲ್ಲೆ ಜಿಲ್ಲೆಯಲ್ಲೂ ಸಿಗುತ್ತಾರೆ. ಕೇಳಿದರೆ, 2022ರ ನವೆಂಬರ್‌ನಲ್ಲಿ ಎನ್‌ಡಿಟಿವಿ ಬಿಟ್ಟು ಯೂಟ್ಯೂಬ್‌ಗೆ ಬಂದ ರವೀಶ್ ಕುಮಾರ್ ಅವರನ್ನು ತೋರಿಸುತ್ತಾರೆ. ಅವರು ಬರುವಾಗ ಬೆನ್ನಿಗೆ ವರ್ಷಗಟ್ಟಲೆ ಗಳಿಸಿದ ಹೆಸರಿತ್ತು ಎಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಇರಲಿ. ಬಿಡುವುದೇ ಎಂದು ತೀರ್ಮಾನಿಸಿದ್ದರೆ ಕ್ರಮವಾಗಿ ಬಿಡಿ.

ರಾಜೀನಾಮೆಗೆ ಮುನ್ನ

ಮೊದಲು ನೇಮಕಾತಿ ಪತ್ರ ಹುಡುಕಿ ಓದಿ. ಸಂಬಳ ಪಡೆಯುತ್ತಿರುವಾಗ ಹೊರಗಿನ ಕೆಲಸ ಮಾಡಕೂಡದು ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೆಂಡತಿಯ ಹೆಸರಿನಲ್ಲಿ ಚಾನೆಲ್ ತೆರೆದು ದನಿ ನೀವು ಕೊಟ್ಟರೆ ಎರಡೇ ವಾರದಲ್ಲಿ ಬ್ಯುರೋಗೆಲ್ಲ ಗೊತ್ತಾಗುತ್ತದೆ. ‘ಬಿಟ್ಟ ಮೇಲೆ ಒಂದು ವರ್ಷ ಇದೇ ಕ್ಷೇತ್ರದಲ್ಲಿ ದುಡಿಯುವಂತಿಲ್ಲ’ ಎಂದು ಬರೆದಿದ್ದರೆ ಅದಕ್ಕೆ ಹೆದರಬೇಕಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ನೋಟಿಸ್ ಅವಧಿಯನ್ನು ಪೂರ್ತಿ ಮಾಡಿ, ರಿಲೀವಿಂಗ್ ಲೆಟರ್ ಕೈಗೆ ತೆಗೆದುಕೊಳ್ಳಿ. ಸಂಸ್ಥೆಯ ಹೆಸರಿನಲ್ಲಿ ಸಿಕ್ಕ ವಾರ್ತಾ ಇಲಾಖೆಯ ಮಾನ್ಯತಾ ಕಾರ್ಡನ್ನೂ ಮರಳಿಸಿ.

ಆಫೀಸಿನ ಗುಂಪು ಆರೋಗ್ಯ ವಿಮೆ ಕೆಲಸದೊಂದಿಗೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ 30 ದಿನ ಹಣ ಸಿಗುವುದಿಲ್ಲ. ಹಾಗಾಗಿ ಸಂಬಳ ಬರುತ್ತಿರುವಾಗಲೇ ಮನೆಮಂದಿಗೆಲ್ಲ ವಿಮೆ ಮಾಡಿಸಿ. ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿ ಇಲ್ಲದಿದ್ದರೆ ರಾಜೀನಾಮೆ ಮುಂದೂಡಿ ಎಂಬುದೇ ನನ್ನ ಸಲಹೆ.

ಹಳೆಯ ಫುಟೇಜ್ ಮುಟ್ಟಬೇಡಿ

ಎಷ್ಟು ಹೇಳಿದರೂ ಜನ ಎಡವುವುದು ಇಲ್ಲೇ. ಕೊನೆಯ ವಾರ ಬಂತೆಂದರೆ ಎಡಿಟ್ ಸೂಟ್‌ನಲ್ಲಿ ಕುಳಿತು ತಮ್ಮ ಹಳೆಯ ಸ್ಟೋರಿಗಳನ್ನೆಲ್ಲ ಎರಡು ಟಿಬಿ ಹಾರ್ಡ್‌ಡಿಸ್ಕಿಗೆ ತುಂಬಿಕೊಳ್ಳುತ್ತಾರೆ. ನಾನೇ ಶೂಟ್ ಮಾಡಿದ್ದು, ನನ್ನದೇ ಪಿಟಿಸಿ, ನನ್ನದೇ ವಾಯ್ಸ್‌ಓವರ್ ಎಂಬ ಸಮರ್ಥನೆ ಬೇರೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಕೆಸರಿನಲ್ಲಿ ನಿಂತು ತೆಗೆದ ದೃಶ್ಯ ನಿಮ್ಮದೆಂದು ಮನಸ್ಸು ಹೇಳುತ್ತದೆ, ಕಾನೂನು ಒಪ್ಪುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೆಲಸದ ಮೊದಲ ಹಕ್ಕುದಾರ ಮಾಲೀಕ.

ಲೋಗೋ ಬ್ಲರ್ ಮಾಡುವುದು, ದೃಶ್ಯವನ್ನು ಎಡಬಲ ತಿರುಗಿಸುವುದು, ವೇಗ ಹೆಚ್ಚಿಸುವುದು ಯಾವುದೂ ನಿಮ್ಮನ್ನು ಕಾಯುವುದಿಲ್ಲ. ‘ಹತ್ತು ಸೆಕೆಂಡಿನೊಳಗಾದರೆ ನಡೆಯುತ್ತೆ ಸಾರ್’ ಎನ್ನುವವರು ಯಾವ ಕಾಯ್ದೆ ಓದಿದ್ದಾರೋ! ಅಂಥ ನಿಯಮವೇ ಇಲ್ಲ. ವಿಮರ್ಶೆಗೆ, ಪ್ರಚಲಿತ ಘಟನೆಯ ವರದಿಗೆ ನ್ಯಾಯಯುತ ಬಳಕೆಯ ಅವಕಾಶವನ್ನು 52ನೇ ಸೆಕ್ಷನ್ ಕೊಡುತ್ತದೆ ನಿಜ. ಆದರೆ ಯಾವುದು ನ್ಯಾಯಯುತ ಎಂದು ಕೊನೆಗೆ ಹೇಳಬೇಕಾದದ್ದು ಕೋರ್ಟು, ಅಷ್ಟರಲ್ಲಿ ಸ್ಟ್ರೈಕ್ ಬಂದಿರುತ್ತದೆ. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ರದ್ದಾಗುವ ಹಂತಕ್ಕೆ ಹೋಗುತ್ತದೆ. ಆಫೀಸಿನ ಹೆಸರಿನಲ್ಲಿ ಪರವಾನಗಿ ಪಡೆದ ಹಿನ್ನೆಲೆ ಸಂಗೀತ, ಗ್ರಾಫಿಕ್ಸ್ ಟೆಂಪ್ಲೇಟ್‌ಗಳಿಗೂ ಇದೇ ಮಾತು. ಹಳೆಯ ದೃಶ್ಯ ಬೇಕೇ ಬೇಕೆಂದರೆ ಸಂಪಾದಕರಿಗೆ ಮೇಲ್ ಮಾಡಿ, ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಕ್ಯಾಂಟೀನಿನಲ್ಲಿ ಅವರು ‘ತಗೊಳ್ರೀ’ ಎಂದದ್ದು ಲೆಕ್ಕಕ್ಕಿಲ್ಲ.

ಶುರು ಮಾಡಿದ ಮೇಲೆ

ಚಾನೆಲ್ಲನ್ನು ಸ್ವಂತ ಜಿಮೇಲ್‌ನಿಂದಲೇ ತೆರೆಯಿರಿ. ಫೋನು, ಕಾಲರ್ ಮೈಕು, ಟ್ರೈಪಾಡ್ ಸದ್ಯಕ್ಕೆ ಸಾಕು, ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಡಿ. ದಿನದ ಸುದ್ದಿಯ ಬೆನ್ನು ಹತ್ತಿದರೆ 24 ಗಂಟೆಯ ವಾಹಿನಿಗಳ ಎದುರು ಒಬ್ಬರೇ ಓಡಿ ಸುಸ್ತಾಗುತ್ತೀರಿ. ಕಂದಾಯ ಇಲಾಖೆಯ ಬೀಟ್ ನೋಡಿದವರು ಪಹಣಿ, ಪೋಡಿ, ಇ-ಖಾತಾ ಬಿಡಿಸಿ ಹೇಳಲಿ. ಅಂಥ ವಿಡಿಯೊವನ್ನು ಜನ ವರ್ಷ ಕಳೆದರೂ ಹುಡುಕಿಕೊಂಡು ಬರುತ್ತಾರೆ.

ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಆಗಬೇಕು. ಗಳಿಕೆ 100 ಡಾಲರ್ ದಾಟುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ.

ತೆರಿಗೆ

ಯೂಟ್ಯೂಬ್ ಹಣ ಬರುವ ಗೂಗಲ್ ಖಾತೆ ಆ್ಯಡ್‌ಸೆನ್ಸ್‌ನಲ್ಲಿ ಅಮೆರಿಕದ ತೆರಿಗೆ ಫಾರ್ಮ್ ತುಂಬಿ. ತುಂಬಿದರೆ ಅಲ್ಲಿನ ವೀಕ್ಷಕರಿಂದ ಬಂದ ಪಾಲಿಗಷ್ಟೇ ಶೇ 15 ಕಡಿತ, ಬಿಟ್ಟರೆ ಒಟ್ಟು ಗಳಿಕೆಯಲ್ಲೇ ಶೇ 24ರವರೆಗೆ ಹೋಗಬಹುದು. ಇಲ್ಲಿಯ ರಿಟರ್ನ್ಸ್‌ಗೆ ಲೆಕ್ಕಪರಿಶೋಧಕರನ್ನು ಕಾಣಿ. ಹಣ ಪಡೆದು ಮಾಡಿದ ವಿಡಿಯೊದಲ್ಲಿ ‘ಇದು ಜಾಹೀರಾತು’ ಎಂದು ಪರದೆಯ ಮೇಲೇ ದೊಡ್ಡದಾಗಿ ಹಾಕಿ. ಡಿಸ್ಕ್ರಿಪ್ಷನ್‌ನ ತಳದಲ್ಲಿ ಬಚ್ಚಿಡಬೇಡಿ.